ದಿನಾ ಆಗುತ್ತೆ ಸಿಸ್ಟರ್

ಅಕ್ಕನ ಮಂಚದ ಕೆಳಗಿನ ಟ್ರಂಕು ಎಳೆದು ಅವಳ ತಮ್ಮ ಬಟ್ಟೆಬರೆಯನ್ನೆಲ್ಲ ನೆಲಕ್ಕೆ ಸುರಿದ. ಭಾವನ ಆಸ್ಪತ್ರೆ ಫೈಲು ಅವನಿಗೆ ಈಗಿಂದೀಗಲೇ ಬೇಕಿತ್ತು. ಹೊರಗಿನ ಕೋಣೆಯಲ್ಲಿ ಭಾವನನ್ನು ಮಲಗಿಸಿದ್ದರು. ಬಸ್ ಡಿಪೋದವರು ಒಬ್ಬೊಬ್ಬರಾಗಿ ಬಂದು ಹೂವಿಟ್ಟು ಹೋಗುತ್ತಿದ್ದರು.

"ಎಂಟು ತಿಂಗಳ ಹಿಂದೆ ಕರುಳಿಗೆ ಕೊಳವೆ ಹಾಕಿ ನೋಡಿ ಏನೂ ಇಲ್ಲ ಅಂದಿದ್ರಲ್ಲ ಅಕ್ಕ. ಅಷ್ಟು ದೊಡ್ಡ ಗಡ್ಡೆ ನಿನ್ನೆ ಮೊನ್ನೆ ಬೆಳೀತಾ? ಆ ಡಾಕ್ಟರನ್ನ ನಾನು ಸುಮ್ನೆ ಬಿಡಲ್ಲ."

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅಳು ಇನ್ನೂ ಬಂದಿರಲಿಲ್ಲ. ಮೊನ್ನೆ ಬೆಳಿಗ್ಗೆ ತಿಂಡಿ ತಿಂದು ಡ್ಯೂಟಿಗೆ ಹೋದ ಗಂಡ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಬಿದ್ದನಂತೆ. ಕರುಳು ಕಟ್ಟಿಕೊಂಡು ಒಡೆದುಹೋಗಿದೆ, ಒಳಗೆ ಗಡ್ಡೆಯಿತ್ತು ಅಂತ ಆಪರೇಷನ್ ಮಾಡಿದವರು ಹೇಳಿದರು. ಅದು ಹೇಗೆ ಸಾಧ್ಯ? ಟೆಸ್ಟಿನ ದಿನ ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಎಲ್ಲ ಸರಿಯಾಗಿದೆಯಂತೆ ಕಣೇ, ನಡಿ ಅಂದವನು ಅವನೇ ಅಲ್ಲವೇ.

*

ಆ ಟೆಸ್ಟಿಗೆ ವಾರ ಮುಂಚೆ ಕೌಂಟರಿನಲ್ಲಿ ನರ್ಸ್ ಕೇಳಿದ್ದು ಸಣ್ಣ ಪ್ರಶ್ನೆ. ದಿನಾ ಹೊಟ್ಟೆ ಖಾಲಿಯಾಗುತ್ತಾ, ಮಲಬದ್ಧತೆ ಏನಾದರೂ ಇದೆಯಾ? ಇದ್ದವರಿಗೆ ಕರುಳು ತೊಳೆಯುವ ಔಷಧಿಯೂ ಹೆಚ್ಚು, ಪಥ್ಯದ ದಿನಗಳೂ ಹೆಚ್ಚು.

ಗಂಡ ಗಂಟಲು ಸರಿಮಾಡಿಕೊಂಡ. ಮೂವತ್ತು ವರ್ಷ ಬಸ್ಸು ಓಡಿಸಿದವನು. ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ತಡೆದೂ ತಡೆದೂ ಈಗ ನಾಲ್ಕು ದಿನಕ್ಕೊಮ್ಮೆ ಆದರೆ ಅದೇ ಪುಣ್ಯ. ಆದರೆ ಅವನನ್ನು ಕೇಳಿದ್ದಕ್ಕೆ ಅವಳು ಉತ್ತರ ಕೊಡುವುದು ಆ ಮನೆಯ ಪದ್ಧತಿ. ಟೀಗೆ ಸಕ್ಕರೆ ಎಷ್ಟು, ಚಪ್ಪಲಿ ನಂಬರೆಷ್ಟು, ಎಲ್ಲದಕ್ಕೂ ಅವಳೇ. ಡಿಪೋದಲ್ಲಿ ಅವನನ್ನು ಮೌನಿ ಅಂತಲೇ ಕರೆಯುತ್ತಿದ್ದರು.

"ದಿನಾ ಆಗುತ್ತೆ ಸಿಸ್ಟರ್," ಅಂದಳು. "ಅದನ್ನ ನೋಡಿ ಗಡಿಯಾರ ಸರಿಮಾಡ್ಕೋಬಹುದು."

ಬೆಳಿಗ್ಗೆ ಪೇಪರು ಹಿಡಿದು ಅರ್ಧ ಗಂಟೆ ಕಕ್ಕಸಿನಲ್ಲಿ ಕೂರುತ್ತಿದ್ದನಲ್ಲ, ಮತ್ತೇನು ಅಂದುಕೊಳ್ಳಬೇಕಿತ್ತು ಅವಳು? ಹಿಂದೆ ಸಾಲಿನಲ್ಲಿ ಜನ ಬೇರೆ. ತನ್ನ ಕೈಯಡುಗೆ ಉಂಡವರಿಗೆ ಅಂಥ ಕಾಯಿಲೆಯೆಲ್ಲ ಇಲ್ಲ ಅನ್ನುವ ಜಂಬವೂ ಒಂದಿಷ್ಟಿತ್ತು. ನರ್ಸ್ ಒಂದೇ ದಿನದ ತಯಾರಿಯ ಪುಡಿ ಕೊಟ್ಟಳು. ಗಂಡ ತುಟಿಪಿಟಕ್ಕೆನ್ನದೆ ತೆಗೆದುಕೊಂಡ.

*

ಫೈಲು ಸಿಕ್ಕಿತು. ಜೋರಾಗಿ ಓದಲು ಶುರುಮಾಡಿದ ತಮ್ಮ ಎರಡನೇ ಸಾಲಿಗೆ ದನಿ ತಗ್ಗಿಸಿದ. ಕರುಳಿನಲ್ಲಿ ಮಲ ತುಂಬಿದ್ದರಿಂದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಲಾಗಿದೆ, ಏನನ್ನೂ ಖಚಿತವಾಗಿ ಹೇಳಲಾಗದು, ಮಲಬದ್ಧತೆ ಇರುವವರಿಗೆ ಕೊಡುವ ಎರಡು ದಿನದ ತಯಾರಿ ಮಾಡಿಕೊಂಡು ಹದಿನೈದು ದಿನದೊಳಗೆ ಮತ್ತೆ ಬರಬೇಕು ಅಂತ ಬರೆದಿತ್ತು.

"ಭಾವ ಹೋಗಲೇ ಇಲ್ವಾ?" ಅಂದ.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕೆಮ್ಮಿದ. ಹನ್ನೆರಡು ವರ್ಷ ಒಂದೇ ಬಸ್ಸಿನಲ್ಲಿ ಭಾವನ ಜೊತೆ ದುಡಿದವನು.

"ಅತ್ತಿಗೆ, ಮತ್ತೆ ಹೋಗ್ಬನ್ನಿ ಅಂತ ಅಣ್ಣಂಗೆ ಎಷ್ಟೋ ಸಲ ಹೇಳ್ದೆ. ಹೋದ್ರೆ ನಾಲ್ಕು ದಿನಕ್ಕೊಂದ್ಸಲ ಅಂತ ಬರೆಸ್ಬೇಕಾಗುತ್ತೆ, ಅಷ್ಟು ಜನರ ಮುಂದೆ ಅವಳ ಮಾತು ಸುಳ್ಳಾಗುತ್ತೆ, ಬಿಡೋ ಅಂದ್ರು."

ಫೈಲು ಹಿಡಿದಿದ್ದ ತಮ್ಮ ಅಕ್ಕನನ್ನೇ ನೋಡುತ್ತಿದ್ದ.

"ಡಾಕ್ಟರ ಹತ್ರ ಹೋಗ್ಬೇಡ ಕಣೋ," ಅಂದಳು. "ಅವತ್ತು ಹೇಳಿದ್ದು ನಾನು."

ಫೈಲನ್ನು ತಮ್ಮ ಮತ್ತೆ ಟ್ರಂಕಿಗೆ ಹಾಕಿದ.

ಸ್ಮಶಾನಕ್ಕೆ ಒಯ್ಯುವ ಗಾಡಿ ಬಂತು. ನಾಲ್ವರು ಡ್ರೈವರುಗಳು ಸ್ಟ್ರೆಚರಿಗೆ ಕೈಹಾಕಿದರು. ಅವಳು ಜನರನ್ನು ಸರಿಸಿಕೊಂಡು ಹೋಗಿ ಗಂಡನ ತಲೆಯ ಪಕ್ಕ ಮಂಡಿಯೂರಿದಳು.

"ರೀ, ಬೈದುಬಿಡಿ ನನ್ನ," ಅಂದಳು. "ನಾನು ಮಧ್ಯೆ ಬಾಯಿ ಹಾಕಲ್ಲ. ನೀವೇ ಹೇಳಿ."

ಕಿವಿಯನ್ನು ಅವನ ತುಟಿಗೆ ಹತ್ತಿರ ತಂದು ಸುಮ್ಮನಾದಳು. ಹೊರಗೆ ಗಾಡಿಯವನು ಎರಡು ಸಲ ಹಾರನ್ ಹೊಡೆದ. ಡ್ರೈವರುಗಳು ಕೈ ತೆಗೆದು, ಕಾಯುತ್ತ ನಿಂತರು.