ನಾಲ್ಕು ನಿಮಿಷದ ಗೆಲುವು

"ನಾಲ್ಕು ನಿಮಿಷ! ನಾಲ್ಕು ನಿಮಿಷ ಮೊದ್ಲೇ ಹತ್ತಿಬಿಟ್ವಿ ಕಣೋ!" ಎಂದು ಡ್ರೈವರ್ ಓಗ್ಡನ್ ಎಂಜಿನ್ನಿನಿಂದ ಧುಮುಕಿ ಹಾರ್ಲನ್ ಸ್ಟೋಲ್ಟ್ಸನ ಬೆನ್ನಿಗೆ ಗುದ್ದಿದ. ಅವನ ಮುಖವೆಲ್ಲ ಮಸಿ.

ಆ ಉಗಿ ಎಂಜಿನ್ ಕಟ್ಟಿದ ಕಾರ್ಖಾನೆಯ ಮೇಸ್ತ್ರಿ ಹಾರ್ಲನ್. ಅದರ ಜೊತೆಗೇ ಒಹಾಯೋದಿಂದ ಪೆನ್ಸಿಲ್ವೇನಿಯಾದ ಈ ಗುಡ್ಡಕ್ಕೆ ಬಂದಿದ್ದ. ೧೯೪೭ರ ಆ ವರ್ಷ ರೈಲ್ವೆಯವರಿಗೆ ಅರವತ್ತು ಎಂಜಿನ್ ಬೇಕಿತ್ತು. ಕಲ್ಲಿದ್ದಲಿನ ಗಾಡಿ ಎಳೆದು ತೋರಿಸಿ ಎಂದು ಇಬ್ಬರು ತಯಾರಕರನ್ನು ಕರೆಸಿದ್ದರು. ಹಾರ್ಲನ್ನನ ಊರಿನ ಅರ್ಧ ಮನೆಗಳ ಅನ್ನ ಆ ಆರ್ಡರಿನಲ್ಲಿತ್ತು.

ಎದುರಾಳಿಗಳ ಡೀಸೆಲ್ ಗುರುಗುಟ್ಟುತ್ತ ಮೇಲೆ ಬಂತು. ಅವರ ಕಡೆಯ ಮಾರ್ಷ್ ಇಳಿದು ಕೈಕುಲುಕಿದ. ಅಂಗಿಯ ಮೇಲೆ ಒಂದು ಕಲೆಯಿಲ್ಲ. "ಮಣ್ಣು ಮುಕ್ಕಿಸಿಬಿಟ್ರಿ ನಮ್ಗೆ," ಎಂದು ನಕ್ಕ. ಸೋತವನ ನಗು ಹಾಗಿರುವುದಿಲ್ಲ ಎನಿಸಿತು ಹಾರ್ಲನ್ನನಿಗೆ.

ಡೀಸೆಲ್ ಮಾರ್ಷ್‌ನನ್ನು ಇಳಿಸಿದ್ದಷ್ಟೇ, ಹೆಚ್ಚು ಹೊತ್ತು ನಿಲ್ಲಲಿಲ್ಲ. ಇನ್ನೊಂದು ಗಾಡಿ ತರಲು ಆಗಲೇ ಇಳಿದುಹೋಯಿತು. ಉಗಿ ಎಂಜಿನ್ನಿನ ಬೂದಿ ತೆಗೆದು, ನೀರು ತುಂಬಿಸಿ, ಕೀಲುಕೀಲಿಗೂ ಎಣ್ಣೆ ಬಿಡುತ್ತಿದ್ದಾಗ ಅದು ಎರಡನೆಯದನ್ನು ಎಳೆದು ತಂದು, ಮೂರನೆಯದಕ್ಕೆ ಹೊರಟಿತ್ತು.

ರೈಲ್ವೆಯ ಸೂಪರಿಂಟೆಂಡೆಂಟ್ ಬ್ರೂಬೇಕರ್ ಬಂದು ನಿಂತರು. ಎಂಜಿನ್ನನ್ನು ನೋಡಲಿಲ್ಲ, ಆಳುಗಳನ್ನು ನೋಡಿದರು.

"ಎಷ್ಟು ಜನ ಇದಾರಪ್ಪಾ ಇಲ್ಲಿ?"

"ಹನ್ನೊಂದು ಸಾರ್," ಎಂದ ಹಾರ್ಲನ್.

"ಆ ಡೀಸೆಲ್ಲಿಗೆ ಒಬ್ಬ ಸಾಕು." ಆಮೇಲೆ ಎಂಜಿನ್ನಿನ ಕಡೆ ತಿರುಗಿ, "ಚಂದದ ಎಂಜಿನ್ ಕಣಯ್ಯಾ. ನಮ್ಮಪ್ಪ ಇಂಥದ್ರಲ್ಲೇ ಜೀವ ತೇದ್ರು," ಎಂದರು. ಸಾವಿನ ಮನೆಯಲ್ಲಿ ಆಡುವ ಮಾತಿನ ಹಾಗಿತ್ತು ಅದು.

ಹಾರ್ಲನ್ ಸ್ಟೇಷನ್ ಕೋಣೆಯಿಂದ ಕಾರ್ಖಾನೆಗೆ ಫೋನ್ ಮಾಡಿದ.

"ಗೆದ್ವೇನಯ್ಯಾ?" ಎಂದರು ಮ್ಯಾನೇಜರು.

"ಗುಡ್ಡ ಮೊದ್ಲು ಹತ್ತಿದ್ದು ನಾವೇ ಸಾರ್, ಆದ್ರೆ—"

ಮುಂದಿನದು ಅವರಿಗೆ ಬೇಕಿರಲಿಲ್ಲ. "ಗೆದ್ವಿ ಕಣ್ರೋ!" ಎಂದು ಅವರು ಕೂಗಿದ್ದು, ಅತ್ತ ನೂರು ಗಂಟಲು ಒಟ್ಟಿಗೆ ಹೋ ಎಂದದ್ದು ಕೇಳಿಸಿತು. ಗದ್ದಲ ಅಡಗುವವರೆಗೆ ಹಾರ್ಲನ್ ಕಾದ.

"ಸಾರ್, ನನ್ನ ಅಳಿಯ ಸೋಮವಾರ ಬಾಯ್ಲರ್ ಶಾಪಿಗೆ ಸೇರ್ಬೇಕಿತ್ತಲ್ಲ?"

"ಹೂಂ, ಜಾಗ ಇಟ್ಟಿದೀನಿ."

"ಬೇರೆ ಯಾರಿಗಾದ್ರೂ ಕೊಟ್ಬಿಡಿ. ಅವ್ನು ಬರಲ್ಲ."

"ಯಾಕಯ್ಯಾ, ಗೆದ್ದ ದಿನ ಇಂಥ ಮಾತು?"

ಹಾರ್ಲನ್ ಫೋನ್ ಇಟ್ಟ. ಕಿಟಕಿಯಾಚೆ ರೈಲ್ವೆಯ ಇಬ್ಬರು ಗುಮಾಸ್ತರು ಉಗಿ ಎಂಜಿನ್ನುಗಳಿಗೆ ನೀರು ತುಂಬಿಸುವ ತೊಟ್ಟಿಯ ಮರದ ಕಂಬಗಳಿಗೆ ಅಳತೆಪಟ್ಟಿ ಹಿಡಿದಿದ್ದರು. ಒಬ್ಬ ಬಗ್ಗಿ, ಒಂದೊಂದೇ ಕಂಬದ ಬುಡಕ್ಕೆ, ಗರಗಸ ಹಾಯಬೇಕಾದಲ್ಲಿ, ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದ.