ಫೋನ್ ಕರೆಗೆ ಆ ಗುಂಡಿಯಿಲ್ಲ

ಅವನ ಕಿವಿಯಲ್ಲಿ ಯಾರೂ ನಿಧಾನವಾಗಿ ಮಾತಾಡುವಂತಿರಲಿಲ್ಲ. ವಾಹನಗಳ ಸೀಟು ಹೊಲಿಯುವ ಆ ಅಂಗಡಿಯಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಹಾಗಾಗಿ ಬೆಳಿಗ್ಗೆ ಶಟರ್ ಎತ್ತುವಾಗಲೇ ಇಯರ್‌ಫೋನ್ ಸಿಕ್ಕಿಸಿಕೊಂಡು, ಪಾಡ್‌ಕಾಸ್ಟ್ ಹಚ್ಚಿ, ವೇಗವನ್ನು ಎರಡು ಪಟ್ಟಿಗೆ ಏರಿಸಿಬಿಡುತ್ತಿದ್ದ. ರೆಕ್ಸಿನ್ ಕತ್ತರಿಸುವಾಗ ರಾಜರ ಯುದ್ಧ, ಫೋಮಿಗೆ ಅಂಟು ಬಳಿಯುವಾಗ ನಕ್ಷತ್ರಗಳ ಹುಟ್ಟು, ಹೊಲಿಗೆ ಯಂತ್ರದ ಮುಂದೆ ಕೂತಾಗ ಷೇರುಪೇಟೆ. ಎಲ್ಲರೂ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಮಾತಾಡುತ್ತಿದ್ದರು. ಅಂಗಡಿಯಲ್ಲಿ ಅವನಿಗೆ ‘ಡಬಲ್’ ಎಂದೇ ಹೆಸರು ಬಿದ್ದಿತ್ತು.

ಹೆಸರಿನ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಲೋಕದ ಮೇಲೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ಜೊತೆಯವರು ಮೇಷ್ಟ್ರ ಮುಂದೆ ಆಕಳಿಸುತ್ತ ಕೂತು ಕಲಿತದ್ದನ್ನೆಲ್ಲ ಇವನು ಅಂಟಿನ ವಾಸನೆಯಲ್ಲಿ ನಿಂತು ಕಲಿಯಬೇಕಿತ್ತು. ತಡವಾಗಿ ಹೊರಟವನು ನಡೆದುಕೊಂಡು ಹೋದರೆ ಬಸ್ಸು ಸಿಕ್ಕೀತೇ? ಗಿರಾಕಿಗಳು ಕಾರಿಗೆ ಒರಗಿ ನಿಂತು, “ಎಷ್ಟು ಓದಿದೀಯಪ್ಪಾ?” ಎಂದಾಗಲೆಲ್ಲ ಮೈಯೆಲ್ಲ ಉರಿದುಹೋಗುತ್ತಿತ್ತು. ಆ ಉರಿಗೆ ಎರಡು ಪಟ್ಟೂ ಸಾಲದು.

“ಏನೋ ಡಬಲ್, ನಿನ್ನೆ ಯುದ್ಧದಲ್ಲಿ ಗೆದ್ದೋರು ಯಾರು?” ಎಂದು ಒಮ್ಮೆ ಅಂಗಡಿಯ ಯಜಮಾನರು ಕೆಣಕಿದರು.

ಅವನು ತಲೆ ಕೆರೆದುಕೊಂಡ. “ಯಾರೋ ಒಬ್ರು ಗೆದ್ರು ಬಿಡಿ.”

“ಯುದ್ಧ ಅಂದ್ಮೇಲೆ ಯಾರೋ ಒಬ್ರು ಗೆಲ್ತಾರೆ. ಇಷ್ಟು ತಿಳ್ಕೊಳ್ಳೋಕೆ ನಾನು ಕಿವಿಗೆ ಏನೂ ತುರುಕ್ಕೊಂಡಿಲ್ಲ ನೋಡು.”

ಫೋನ್ ಕರೆ ಬಂದರೆ ಮಾತ್ರ ಅವನಿಗೆ ತಲೆ ಕೆಡುತ್ತಿತ್ತು. ಊಟ ಆಯ್ತಾ, ಹೂಂ ಆಯ್ತು, ನಿಮ್ದು ಆಯ್ತಾ, ಮತ್ತೇನು, ಮತ್ತೇನಿಲ್ಲ. ಅಷ್ಟರಲ್ಲಿ ಒಂದು ಸಾಮ್ರಾಜ್ಯ ಬಿದ್ದುಹೋಗುತ್ತದೆ! ಕರೆಯನ್ನು ಓಡಿಸಲು ಗುಂಡಿಯಿಲ್ಲ. ಅದಕ್ಕೇ ಮನೆಯವರಿಗೆಲ್ಲ ಕಟ್ಟಪ್ಪಣೆ ಹೊರಡಿಸಿದ್ದ: ಯಾರೂ ಕರೆ ಮಾಡಬಾರದು, ಹೇಳುವುದಿದ್ದರೆ ವಾಯ್ಸ್ ಮೆಸೇಜ್ ಕಳಿಸಬೇಕು. ಬಂದದ್ದನ್ನೆಲ್ಲ ಎರಡು ಪಟ್ಟಿನಲ್ಲೇ ಕೇಳಿ ಮುಗಿಸುತ್ತಿದ್ದ. ಅಪ್ಪನದನ್ನೂ.

ಅಪ್ಪ ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದ. ತರಕಾರಿ ಮಂಡಿಯಲ್ಲಿ ಹರಾಜು ಕೂಗಿಯೇ ಮಕ್ಕಳನ್ನು ಸಾಕಿದವನು. ಅರಳು ಹುರಿದಂಥ ಮಾತು ಎನ್ನುತ್ತಾರಲ್ಲ, ಅಪ್ಪನ ಬಾಯಲ್ಲಿ ಹುರಿದ ಅರಳು ಬಾಣಲೆಯಿಂದಾಚೆ ಸಿಡಿಯುತ್ತಿತ್ತು. ಟೊಮೆಟೊ ಪೆಟ್ಟಿಗೆಯ ಮೇಲೆ ನಿಂತು ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದು ಅವನು ಮುಗಿಸುವಷ್ಟರಲ್ಲಿ ಕೊಳ್ಳುವವನು ಎತ್ತಿದ ಕೈ ಇನ್ನೂ ಕೆಳಗಿಳಿದಿರುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಕ್ಕನ ಮೆಸೇಜುಗಳು ಒಂದರ ಹಿಂದೊಂದು ಬರತೊಡಗಿದವು. “ಪುಟ್ಟಾ, ಅಪ್ಪನ ಮಾತು ಎಳೀತಿದೆ ಕಣೋ. ಎಡಗೈಯಲ್ಲಿ ಲೋಟ ನಿಲ್ತಿಲ್ಲ. ನಮ್ ಬೀದಿ ಡಾಕ್ಟ್ರು, ಇದು ಲಕ್ವದ ಸಣ್ಣ ಹೊಡೆತ, ದೊಡ್ಡದು ಬರೋದ್ರೊಳಗೆ ದೊಡ್ಡಾಸ್ಪತ್ರೆಗೆ ಸೇರ್ಸಿ ಅಂತಿದಾರೆ. ಅಪ್ಪ ಜಪ್ಪಯ್ಯ ಅಂದ್ರೂ ಏಳ್ತಿಲ್ಲ. ನೀನು ಹೇಳಿದ್ರೆ ಮಾತ್ರ ಕೇಳೋದು. ಹೇಳೋ.”

ಅದರ ಹಿಂದೆಯೇ ಅಪ್ಪನದೂ ಬಂತು. “ಮಗಾ, ನಾನು ಚೆನ್ನಾಗಿದೀನಿ. ನಿಮ್ಮಕ್ಕಂಗೆ ಬೇರೆ ಕೆಲ್ಸ ಇಲ್ಲ. ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ ಅಂತ ಅವಳಿಗೆ ನೀನೇ ಒಂದು ಮಾತು ಹೇಳ್ಬಿಡು.”

ಕತ್ತರಿ ಕೈಯಲ್ಲೇ ಇತ್ತು. ಅವನು ಕೇಳಿದ. ಅದೇ ಮಂಡಿಯ ಅಪ್ಪ, ಅದೇ ಓಟ, ಅದೇ ಗತ್ತು. ಮಾತು ಎಳೆಯುವುದು ಎಲ್ಲಿ ಬಂತು? ನಾಲಿಗೆ ಅಲ್ಲಲ್ಲಿ ಮಗುಚಿತೇನೋ ನಿಜ, ಆದರೆ ಆ ವೇಗದಲ್ಲಿ ಯಾರ ನಾಲಿಗೆ ಮಗುಚುವುದಿಲ್ಲ? ಅಕ್ಕನ ಮೇಲೆ ಸಿಟ್ಟು ನೆತ್ತಿಗೇರಿತು. ಹುಲ್ಲುಕಡ್ಡಿಯನ್ನು ಗುಡ್ಡ ಮಾಡಿ, ಕೆಲಸ ಬಿಡಿಸಿ, ಊರಿಗೆ ಓಡಿಸುವ ಉಪಾಯ!

“ಅಪ್ಪಾ, ನಿಂಗೇನೂ ಆಗಿಲ್ಲ, ಆರಾಮಾಗಿದೀಯ. ಅಕ್ಕಾ, ನೀನು ಸುಮ್ನಿರು, ಹಾಯಾಗಿರೋರನ್ನ ಆಸ್ಪತ್ರೇಲಿ ಮಲಗಿಸ್ಬೇಡ,” ಎಂದು ಒಂದೇ ಉಸಿರಿನಲ್ಲಿ ಇಬ್ಬರಿಗೂ ಕಳಿಸಿ, ನಕ್ಷತ್ರಗಳ ಕಡೆಗೆ ಮರಳಿದ.

ಮಧ್ಯಾಹ್ನ ಯಜಮಾನರು ತಮ್ಮ ಫೋನ್ ಹಿಡಿದುಕೊಂಡು ಬಂದರು. ಯಂತ್ರದ ಸ್ವಿಚ್ಚನ್ನು ತಾವೇ ಆರಿಸಿದರು. “ಕಿವಿಯಿಂದ ಆ ಬಿರಡೆ ಕೀಳು. ನಿಮ್ಮಕ್ಕ ನನ್ ನಂಬರಿಗೆ ಏನೋ ಕಳ್ಸಿದಾಳೆ, ನಿಂಗೆ ಕೇಳಿಸ್ಬೇಕಂತೆ.”

ಹಚ್ಚಿದರು. ಆ ಫೋನಿಗೆ ಓಡುವ ಚಟವಿರಲಿಲ್ಲ.

ಮ ಎಂಬ ಒಂದಕ್ಷರ ಹೊರಟಿತು. ಗಾ ಎಂಬುದು ಅದರ ಹಿಂದೆ ಕಾಲೆಳೆದುಕೊಂಡು ಬಂತು. ನಾನು. ಚೆನ್ನಾಗಿ. ಒಂದೊಂದು ಮಾತನ್ನೂ ಕೆಸರಿನಿಂದ ಎತ್ತಿ, ಒರೆಸಿ, ಮುಂದಿಟ್ಟ ಹಾಗೆ. ‘ಆಸ್ಪತ್ರೆ’ ಎನ್ನುವಲ್ಲಿ ನಾಲಿಗೆ ಎಡವಿ ಬಿದ್ದು, ಎದ್ದು, ಮತ್ತೆ ಬಿತ್ತು.

“ಯಾರೋ ಇದು?” ಯಜಮಾನರು ಹುಬ್ಬುಗಂಟಿಕ್ಕಿದರು. “ಕುಡಿದಿದಾರಾ?”

“ನಮ್ಮಪ್ಪ ಕುಡಿಯಲ್ಲ!” ಅವನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಯಜಮಾನರ ಕುತ್ತಿಗೆಪಟ್ಟಿಗೆ ಹೋಗಬೇಕಾಗಿದ್ದ ಕೈ ಗಾಳಿಯಲ್ಲೇ ನಿಂತಿತು. ಬೆಳಿಗ್ಗೆ ಕೇಳಿದ ಮಾತುಗಳೇ ಇವು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಡೆಯಲಾರದ ಅಪ್ಪನನ್ನು ತನ್ನ ಹೆಬ್ಬೆರಳೇ ಓಡಿಸಿತ್ತು.

ಅದರ ಕೆಳಗೆ ಅಕ್ಕನ ಮಾತೂ ಇತ್ತು. ಅವಳು ಅಳುತ್ತಿರಲಿಲ್ಲ, ರೇಗುತ್ತಿದ್ದಳು. “ನೀನು ಕಳ್ಸಿದ್ದನ್ನ ಅಪ್ಪ ಹತ್ತು ಸಲ ಹಾಕ್ಕೊಂಡು ಕೇಳಿದಾನೆ. ನೋಡು, ನನ್ ಮಗನೇ ಹೇಳ್ತಾನೆ ಏನೂ ಆಗಿಲ್ಲ ಅಂತ, ಅಂತಿದಾನೆ. ಈಗ ನಿಂಗೆ ಸಮಾಧಾನ ಆಯ್ತಾ?”

ಅವನು ಅಂಗಡಿಯ ಹಿಂದಿನ ಓಣಿಗೆ ಓಡಿದ. ಹರಿದ ಸೀಟುಗಳ ರಾಶಿಯ ಪಕ್ಕ ನಿಂತು, ಎಷ್ಟೋ ಕಾಲದ ಮೇಲೆ, ಕರೆ ಮಾಡಿದ.

“ಅಪ್ಪಾ, ಈಗ್ಲೇ ಆಸ್ಪತ್ರೆಗೆ ಹೋಗು.”

ಅತ್ತ ಉಸಿರು ಕೇಳಿಸಿತು. ಆಮೇಲೆ, ಬಹಳ ಆಮೇಲೆ, “ನೀನೇ. ಹೇಳ್ದೆ. ಏನೂ ಆಗಿಲ್ಲ ಅಂತ.”

“ನಾನು ಕತ್ತೆ. ಕತ್ತೆ ಮಾತು ಕೇಳ್ತಾರಾ ಯಾರಾದ್ರೂ?”

“ಬೇಡ.” ಈ ಒಂದು ಮಾತು ಮಾತ್ರ ಗಟ್ಟಿಯಾಗಿಯೇ ಬಂತು. ಅವನಿಗೆ ಅಪ್ಪನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಬಂತು, ಕಿವಿಯಲ್ಲಿ ಬೊಗಳಿದ ಅಷ್ಟೂ ಪಂಡಿತರ ಮೇಲೆ ಬಂತು. ಅಪ್ಪನನ್ನು ಎಬ್ಬಿಸುವ ಒಂದು ಮಾತನ್ನು ಅವರಲ್ಲಿ ಒಬ್ಬನೂ ಕಲಿಸಿರಲಿಲ್ಲ. ಹೊಳೆದದ್ದು ಮಂಡಿಯೊಂದೇ.

“ಸರಿ. ಹರಾಜು ಕೂಗು,” ಎಂದ. “ಮೊದಲಿನ ಥರ. ಮೂರು ಸಾರಿ. ಕೂಗಿ ಮುಗಿಸಿಬಿಟ್ರೆ ನಾನು ಬಾಯಿ ಮುಚ್ಕೋತೀನಿ. ಆಗ್ಲಿಲ್ಲ ಅಂದ್ರೆ ಎದ್ದು ಅಕ್ಕನ ಜೊತೆ ಆಟೋ ಹತ್ತು. ಒಪ್ಪಿದ್ಯಾ?”

ಅಪ್ಪ ಕೆಮ್ಮಿದ. ನಕ್ಕನೋ ಏನೋ. ಹರಾಜಿನ ಸವಾಲಿಗೆ ಬೆನ್ನು ತೋರಿಸಿದ ಮನುಷ್ಯನಲ್ಲ.

“ಒಂದು,” ಎಂದ. “ಸಾರಿ” ಬರುವಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಲಾರಿ ಹಿಂದೆ ಸರಿದು, ತಿರುಗಿಸಿಕೊಂಡು, ಹೊರಟೇಹೋಯಿತು. “ಎರಡು.” ಮುಂದೆ ಬರಬೇಕಾದ್ದು ಬರಲಿಲ್ಲ. ನಾಲಿಗೆ ಹಲ್ಲಿಗೆ ತಾಗಿ ಜಾರುವ ಸದ್ದು. ಮತ್ತೆ ಅದೇ ಸದ್ದು. ಮತ್ತೆ.

ಅವನ ಹೆಬ್ಬೆರಳು ತಾನಾಗಿಯೇ ಪರದೆಯ ಮೇಲೆ ಓಡಿಸುವ ಗುಂಡಿ ಹುಡುಕುತ್ತಿತ್ತು. ಮೈಕು, ಸ್ಪೀಕರು, ಕೆಂಪು ಚುಕ್ಕೆ. ಅದೊಂದು ಮಾತ್ರ ಇಲ್ಲ. ಹಾಳಾದ್ದು, ಇರಬೇಕಾದ ಜಾಗದಲ್ಲೇ ಇಲ್ಲ! ತುಟಿ ಕಚ್ಚಿ ಹಿಡಿದು ನಿಂತ. ತಾನು ಬಾಯಿ ಬಿಟ್ಟರೆ ಅಪ್ಪನ ಮಾತನ್ನು ತಾನೇ ಮುಗಿಸಿಬಿಡುತ್ತೇನೆ ಎಂಬ ಭಯ.

ಮೂರು ಸಾರಿ ಬರಲೇ ಇಲ್ಲ. ಅದರ ಬದಲು ಒಂದು ದೊಡ್ಡ ನಿಟ್ಟುಸಿರು ಬಂತು. ಅದರ ಹಿಂದೆ, ಒಂದೊಂದಾಗಿ, ಅವನು ಒಂದನ್ನೂ ಹಾರಿಸದೆ ಕೇಳಿದ ಮಾತುಗಳು:

“ನನ್. ಚಪ್ಪಲಿ. ಎಲ್ಲಿಟ್ಟಿದಾಳೆ. ಕೇಳು. ನಿಮ್ಮಕ್ಕನ್ನ.”