ರೆಕ್ಕೆಗೆ ಸೇರಬೇಕಾದ ಭಾರ

"ಇದು ನಮ್ಮ ವಿಮಾನ ಅಲ್ಲಮ್ಮ," ಎನ್ನುತ್ತ ಮುಖ್ಯ ಶಿಕ್ಷಕರು ಹೆಡ್‌ಫೋನ್ ತೆಗೆದರು. "ವಾಲಿಸಿದ್ರೆ ಏನೋ ಹಗುರ ಹಗುರ."

ಮೂರನೇ ಪರೀಕ್ಷೆಯಲ್ಲೂ ಅದೇ ಮಾತು. ಹಾರಾಟದ ಶಾಲೆಗಾಗಿ, ನೆಲದ ಮೇಲೇ ವಿಮಾನ ನಡೆಸಲು ಕಲಿಸುವ ಈ ಸಿಮ್ಯುಲೇಟರ್ ಯಂತ್ರ ಸಿದ್ಧಪಡಿಸಿದವಳು ಅವರ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಶಾಲೆಯವರು ಈ ಶಿಕ್ಷಕರಿಗೆ 'ತಕ್ಕಡಿ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವರು ತೂಗಿ ಒಪ್ಪಿದರೆ ಯಂತ್ರ ಇಲ್ಲುಳಿಯುತ್ತದೆ, ಇಲ್ಲವಾದರೆ ಹೊರಗೆ ನಿಂತಿರುವ ಲಾರಿಯಲ್ಲಿ ವಾಪಸ್ಸು. ಅವಳೊಬ್ಬಳೇ ಹೊಣೆ ಹೊತ್ತ ಮೊದಲ ಕೆಲಸವೂ ಅದರ ಹಿಂದೆಯೇ ಲಾರಿ ಹತ್ತುತ್ತಿತ್ತು.

ವಿಮಾನ ಎಡಬಲಕ್ಕೆ ವಾಲುವ ವೇಗ ಕೈಪಿಡಿಯ ಅಂಕಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ ಎಂದು ಅವಳು ಎರಡು ವಾರದಿಂದ ವಾದಿಸುತ್ತಲೇ ಬಂದಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿವೃತ್ತಿಗೆ ಬಂದವರ ಕೈ, ಪಾಪ, ನಡುಗುತ್ತದೆ ಎಂದು ಒಳಗೊಳಗೇ ತೀರ್ಪನ್ನೂ ಕೊಟ್ಟುಬಿಟ್ಟಿದ್ದಳು. ಈಗ ಬೇರೇನೂ ತೋಚದೆ ಯಂತ್ರ ದಾಖಲಿಸಿಕೊಂಡಿದ್ದ ಅವರ ಕೈಚಲನೆಯ ಗೆರೆಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು.

ವಾಲಿದ ವಿಮಾನವನ್ನು ನೇರಕ್ಕೆ ತರುವಾಗ, ರೆಕ್ಕೆ ಇನ್ನೂ ತುಸು ಓರೆಯಿರುವಾಗಲೇ ಅವರು ಚಾಲನೆಯ ಕೋಲನ್ನು ನಡುವಿಗೆ ತಂದುಬಿಡುತ್ತಿದ್ದರು. ವಿಮಾನ ಅಲ್ಲೇ ಓರೆಯಾಗಿ ನಿಲ್ಲುತ್ತಿತ್ತು. ವಾಲಿಸಿದ ಹನ್ನೊಂದು ಸಲವೂ ಹಾಗೇ, ಅದೇ ಜಾಗದಲ್ಲಿ. ನಡುಗುವ ಕೈ ಹನ್ನೊಂದು ಸಲ ಒಂದೇ ಜಾಗದಲ್ಲಿ ನಡುಗುವುದಿಲ್ಲ. ಉಳಿದಷ್ಟು ದೂರ ರೆಕ್ಕೆ ತಾನಾಗಿಯೇ ಬರುತ್ತದೆಂದು ಆ ಕೈ ಕಾಯುತ್ತಿತ್ತು.

"ಸರ್, ನೀವು ಹಾರಿಸುವಾಗ ಟ್ಯಾಂಕು ತುಂಬಿರುತ್ತಾ?"

"ಮತ್ತೆ? ಎರಡು ರೆಕ್ಕೆಯಲ್ಲೂ ಮುಚ್ಚಳದ ತನಕ ತುಂಬಿಸಿಕೊಂಡೇ ಹತ್ತೋದು."

ರೆಕ್ಕೆಯಲ್ಲಿ! ಅವಳು ಇಂಧನದ ತೂಕವನ್ನು ಒಂದು ಕಿಲೋ ಬಿಡದೆ ಸೇರಿಸಿದ್ದಳು, ಸೇರಿಸಿದ್ದು ಮಾತ್ರ ವಿಮಾನದ ಹೊಟ್ಟೆಗೆ. ಕೊಡವನ್ನು ಸೊಂಟದಲ್ಲಿಟ್ಟವಳೂ ಎರಡು ಕೈ ಚಾಚಿ ಎರಡು ಕೊಡ ಹಿಡಿದವಳೂ ಒಂದೇ ಥರ ತಿರುಗಿ ನಿಲ್ಲುತ್ತಾರೆಯೇ? ಕೈ ಚಾಚಿದವಳು ತಿರುಗಲೂ ತಡ, ನಿಲ್ಲಲೂ ತಡ. ಕೈಪಿಡಿ ವಾಲುವ ವೇಗ ಹೇಳಿತ್ತೇ ಹೊರತು ನಿಲ್ಲುವ ಬಗೆ ಹೇಳಿರಲಿಲ್ಲ.

"ತಪ್ಪು ನಂದೇ ಸರ್. ನಿಮ್ಮ ಕೈ ಸರಿಯಾಗೇ ಇತ್ತು. ಹತ್ತೇ ನಿಮಿಷ ಕೊಡಿ."

ತಕ್ಕಡಿಯವರು ಗಡಿಯಾರ ನೋಡಿದರು, ಆದರೆ ಎದ್ದು ಹೋಗಲಿಲ್ಲ. ಬದಲಿಸಬೇಕಾದದ್ದು ಪ್ರೋಗ್ರಾಮಿನ ಎರಡೇ ಸಾಲು. ಮೂರು ಸಲ ತಪ್ಪು ಒತ್ತಿ, ನಾಲ್ಕನೇ ಸಲಕ್ಕೆ ಭಾರವನ್ನು ಎರಡು ರೆಕ್ಕೆಗೂ ಹಂಚಿದಳು. ಸಂಕಟವೋ ಸಂತೋಷವೋ, ಕೂರಲಾಗದೆ ಎದ್ದು ನಿಂತಳು.

ಅವರು ಎಡಕ್ಕೆ ವಾಲಿಸಿದರು. ರೆಕ್ಕೆ ಒಂದು ಕ್ಷಣ ತಡೆದು, ಆಮೇಲೆ ಗಂಭೀರವಾಗಿ ಇಳಿಯಿತು. ಮರಳಿ ಬರುವಾಗ ಕೋಲು ಎಂದಿನಂತೆ ಮೊದಲೇ ನಡುವಿಗೆ ಬಂತು, ರೆಕ್ಕೆ ತಾನಾಗಿ ಉಳಿದ ದಾರಿ ನಡೆದು ದಿಗಂತಕ್ಕೆ ಸಮನಾಗಿ ನಿಂತಿತು. ಅವರು ಬಲಕ್ಕೆ ವಾಲಿಸಿದರು, ಮತ್ತೆ ಎಡಕ್ಕೆ, ಮತ್ತೂ ಕಡಿದಾಗಿ ಬಲಕ್ಕೆ. ಪಕ್ಕದ ಖಾಲಿ ಸೀಟಿನತ್ತ ತಿರುಗಿ, "ನಿಧಾನ, ಅದಾಗೇ ಬರ್ತದೆ, ಬಿಡು," ಎಂದು ಇಲ್ಲದ ವಿದ್ಯಾರ್ಥಿಗೆ ಹೇಳಿಕೊಡತೊಡಗಿದರು.

ಯಂತ್ರವನ್ನು ಯಾವಾಗ ಹೇರುವುದೆಂದು ಕೇಳಲು ಲಾರಿಯವನು ಬಂದು ಬಾಗಿಲಲ್ಲಿ ನಿಂತ. ಪರದೆಯ ಮೇಲೆ ಹೊಲ, ರಸ್ತೆ, ನದಿಯೆಲ್ಲ ಒಟ್ಟಿಗೆ ಓರೆಯಾದವು. ಕೇಳಬೇಕಾದ್ದನ್ನು ಮರೆತು, ಅಲುಗದ ಸಿಮೆಂಟಿನ ನೆಲದ ಮೇಲೆ ಅವನು ಮೆಲ್ಲಗೆ ಬಲಕ್ಕೆ ವಾಲಿ, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.